ಪಡು ಯಾವ ಕಡೆ

ರಾತ್ರಿ ಎರಡೂವರೆಗೆ ಕರೆಂಟು ಹೋಯಿತು.
ನೀರು ಕುಡಿಯಲು ಎದ್ದೆ.
ಮಂಚ ಇಳಿದು ಏಳು ಹೆಜ್ಜೆ,
ಬಲಕ್ಕೆ ಹೊಸ್ತಿಲು, ಎತ್ತರದ್ದು, ಕಾಲೆತ್ತಿ ದಾಟಬೇಕು,
ಆಮೇಲೆ ನಾಲ್ಕು, ಅಲ್ಲಿ ಮಣ್ಣಿನ ಹೂಜಿ.
ಐದನೆಯ ಹೆಜ್ಜೆಗೇ
ಹಣೆ ಗೋಡೆಗೆ ಬಡಿಯಿತು.

ಗೋಡೆ ಹೊಸತು. ಪೈಂಟಿನ ವಾಸನೆ ಇನ್ನೂ ಹೋಗಿಲ್ಲ.
ಇದು ಪಚ್ಚನಾಡಿಯ ಗುಡ್ಡೆ, ಮೂರನೇ ಮಾಳಿಗೆ,
ನಾನು ಐಸಮ್ಮ, ಬಂದು ಹತ್ತೊಂಬತ್ತು ದಿನ.
ನನಗೆ ಎಲ್ಲ ಗೊತ್ತು.
ಕಾಲಿಗೆ ಯಾರೂ ಹೇಳಿರಲಿಲ್ಲ.

ಉಳ್ಳಾಲದಲ್ಲಿ ಕಡಲಿನಿಂದ ನಾಲ್ಕನೇ ಮನೆ ನಮ್ಮದು.
ಆಮೇಲೆ ಮೂರನೆಯದು. ಆಮೇಲೆ ಎರಡನೆಯದು.
ಮನೆ ಅಲ್ಲಾಡಲಿಲ್ಲ,
ಎಣಿಕೆ ಕಡಿಮೆಯಾಗುತ್ತ ಬಂತು.
ಒಂದು ಆಟಿಯಲ್ಲಿ ನಾವೇ ಮೊದಲಿಗರು,
ಮರುವರ್ಷದ ಆಟಿಗೆ ಎಣಿಸಲು ಏನೂ ಇರಲಿಲ್ಲ.

ಅಲ್ಲಿ ದಿಕ್ಕು ಕೇಳಿದವರಿಲ್ಲ.
ಬೀಡಿಯ ತಡ್ಪೆ ಸ್ವಲ್ಪ ಪಡುಗೆ ಸರಿಸು ಎಂದರೆ
ನಡೆಯಲು ಕಲಿತ ಮಗುವೂ ಸರಿಸುತ್ತಿತ್ತು.
ಕಡಲು ಒಂದೇ ಕಡೆಯಿಂದ ಮಾತಾಡುತ್ತಿತ್ತು,
ಚಾಪೆ ಆ ಸದ್ದಿಗೆ ಮುಖ ಮಾಡಿ ಹಾಸುತ್ತಿದ್ದೆವು, ನಮಾಜಿಗೆ.
ಇಲ್ಲಿ ಸದ್ದು ಎಲ್ಲ ಕಡೆ:
ಗುಡ್ಡೆ ಹತ್ತುವ ಲಾರಿ, ಮೇಲಿನವರ ಕುಕ್ಕರು,
ಫ್ಲೋಸಿ ಬಾಯಿಯ ಮಿಕ್ಸಿ.
ಪಡು ಯಾವ ಕಡೆ ಎಂದು ಕೇಳಿದರೆ
ಮಗಳು ಮೊಬೈಲು ಹಿಡಿದು ಸುತ್ತ ತಿರುಗುತ್ತಾಳೆ.

ರುಮಾನಾ ದೇರಳಕಟ್ಟೆಯಲ್ಲಿ ನರ್ಸಿಂಗ್, ಎರಡನೇ ವರ್ಷ.
ಬಾತ ಹಣೆಗೆ ಐಸು ಒತ್ತುತ್ತ ಹೇಳಿದಳು:
ಉಮ್ಮಾ, ತಲೆಯೊಳಗೆ, ಕಿವಿಯಿಂದ ಸ್ವಲ್ಪ ಒಳಕ್ಕೆ,
ಕಡಲಕುದುರೆಯ ಹಾಗೆ ಸುರುಟಿಕೊಂಡ ಒಂದು ತುಂಡು ಉಂಟು.
ದಾರಿ, ಮೂಲೆ, ಬಾಗಿಲು ಎಲ್ಲ ಅದರ ಲೆಕ್ಕದಲ್ಲಿ.
ಹೊಸ ಜಾಗಕ್ಕೆ ಹೋದರೆ ಅದು ತಡಕಾಡಿ
ಹಳೆಯ ನಕ್ಷೆಯನ್ನೇ ತೆಗೆದು ಹಾಸುತ್ತದೆ.
ಅಳತೆ ಸೇರದಿದ್ದರೆ, ನೋಡು, ಹೀಗೆ.
ನಕ್ಕಳು. ನಾಳೆ ಅವಳಿಗೆ ಅದೇ ಪರೀಕ್ಷೆ.

ಕಡಲಕುದುರೆಯನ್ನು ನಾನು ನೋಡಿದ್ದೇನೆ.
ಅದ್ರಾಮ ಬಲೆ ಕೊಡಹುವಾಗ ಒಮ್ಮೆ ಬಿದ್ದಿತ್ತು,
ಬೆರಳಿಗಿಂತ ಚಿಕ್ಕದು,
ಬಾಲದಲ್ಲಿ ಹುಲ್ಲಿನ ಎಳೆಯೊಂದನ್ನು ಸುತ್ತಿ ಹಿಡಿದು.
ಸತ್ತ ಮೇಲೂ ಬಿಟ್ಟಿರಲಿಲ್ಲ.
ಒಣಗಿಸಿ ಕಿಟಕಿಯಲ್ಲಿ ಇಟ್ಟಿದ್ದೆ.
ಆ ಕಿಟಕಿ ಈಗ...
ಇರಲಿ.

ಹಟ ಹಿಡಿದು ಕಲಿತೆ.
ಹಗಲಲ್ಲಿ ಕಣ್ಣು ಮುಚ್ಚಿ, ಗೋಡೆ ಸವರಿಕೊಂಡು:
ಐದು ಹೆಜ್ಜೆ, ಎಡಕ್ಕೆ, ಫ್ರಿಡ್ಜಿನ ಗುಂಯ್,
ದಾಟಿದರೆ ಭುಜದೆತ್ತರಕ್ಕೆ ಸ್ವಿಚ್ಚು.
ಎಂತ ಕುರುಡಾಟ ಮಾರಾಯ್ತಿ, ಎಂದಳು ಫ್ಲೋಸಿ ಬಾಯಿ.
ಅವಳು ಬೆಂಗ್ರೆಯವಳು.
ಈಗಲೂ ಕೊನೆಯ ಮೆಟ್ಟಿಲಲ್ಲಿ, ಕೆಳಗೆ ಸಿಮೆಂಟು ಇದ್ದರೂ,
ದೋಣಿಯಿಂದ ಇಳಿಯುವವಳ ಹಾಗೆ ಸೀರೆ ಎತ್ತುತ್ತಾಳೆ.
ನಾನು ಅದನ್ನು ಅವಳಿಗೆ ಹೇಳಿಲ್ಲ.

ಮೊನ್ನೆ ಒಂದು ಮದುವೆಗೆ ಉಳ್ಳಾಲಕ್ಕೆ ಹೋದೆವು.
ಊಟ ಮುಗಿಸಿ, ಮಗ್ರಿಬ್ ಆದ ಮೇಲೆ,
ಕಲ್ಲು ಸುರಿದ ದಂಡೆ ಹತ್ತಿ ತೋರಿಸಿದೆ:
ಅಗೊ, ಆ ನೊರೆ ಒಡೆಯುತ್ತದಲ್ಲ, ಅಲ್ಲಿ ಒಲೆ.
ಅದರಾಚೆ ಬಚ್ಚಲು.
ಕಾಗೆ ಕೂತ ಕಲ್ಲಿನಿಂದ ಎರಡು ಮಾರು ಒಳಗೆ, ನೀರಲ್ಲಿ,
ನೀನು ಹುಟ್ಟಿದ್ದು.
ಒಂದೂ ತಪ್ಪಲಿಲ್ಲ.

ಹೇಳುತ್ತಿದ್ದ ಹಾಗೇ ಪೂರ್ತಿ ಕತ್ತಲಾಯಿತು.
ಕಾಲಿಗೆ ಕಲ್ಲು ಕಾಣದೆ
ಎಡಗೈ ತಾನಾಗಿ ಮೇಲೆದ್ದಿತು,
ಭುಜದೆತ್ತರಕ್ಕೆ,
ಗಾಳಿಯಲ್ಲಿ ಸವರುತ್ತ,
ಪಚ್ಚನಾಡಿಯ ಸ್ವಿಚ್ಚು ಹುಡುಕುತ್ತ.

ರುಮಾನಾ ನೋಡಿದಳು. ಏನೂ ಹೇಳಲಿಲ್ಲ.
ಎದುರಿಗೆ ಕಡಲು ಅದೇ ಕಡೆಯಿಂದ ಮಾತಾಡುತ್ತಿತ್ತು.
ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ,
ಬೇರೆಯವರ ಮನೆಯಲ್ಲಿ
ಕೇಳದೆ ಏನನ್ನೋ ಮುಟ್ಟಿದವಳ ಹಾಗೆ.