ನೀಲಿ ಉರಿ ಅಡಗುವವರೆಗೆ

ನಮ್ಮದಕ್ಕೆ ಸಾರಿನ ಪೇಟೆ ಎಂದು ಹೆಸರು.
ಬಟಾಣಿ ಬೀದಿ, ಅವರೆ ಬೀದಿ, ಆಲೂಗಡ್ಡೆ ಬೀದಿ.
ನಗಬೇಡಿ, ಅಂಚೆಯವನು ನಗುವುದಿಲ್ಲ.
ಟಾರ್ಟುವಿನ ಹೊಳೆ ಉಕ್ಕಿದ ವರ್ಷ
ಮೂರೂ ಒಂದೇ ಪಾತ್ರೆಯಲ್ಲಿ ತೇಲಿದ್ದವು.

ಬಟಾಣಿ ಬೀದಿಯ ಮರದ ಮನೆ ನನ್ನದು.
ಕೆಳಗೆ ನಾನು, ಮೈಮು, ಮತ್ತೊಂದು ಕಿವುಡು ಬೆಕ್ಕು.
ಮೇಲೆ ವರ್ಷಕ್ಕೊಬ್ಬರು.
ಮೂವತ್ತೊಂದು ವರ್ಷದಿಂದ ಮೇಲಿನವರಿಗೆ ಹತ್ತೊಂಬತ್ತೇ ವಯಸ್ಸು.
ಮುದಿಯಾಗುವ ಕೆಲಸವೆಲ್ಲ ನನ್ನ ಪಾಲಿಗೆ;
ಮೆಟ್ಟಿಲೂ ಸ್ವಲ್ಪ ಹಂಚಿಕೊಂಡಿದೆ.

ಸೆಪ್ಟೆಂಬರಿನ ಮೊದಲ ವಾರ
ಬಸ್ ನಿಲ್ದಾಣದಿಂದ ಚಕ್ರದ ಪೆಟ್ಟಿಗೆಗಳು
ಕಲ್ಲುಹಾಸಿನ ಮೇಲೆ ಗಡಗಡ ಬರುತ್ತವೆ,
ನಮಗೆ ಅದೇ ಗುಡುಗು.
ಅಂಗಡಿಯಲ್ಲಿ ಬಾಣಲೆ ಖಾಲಿ, ಕಂಬಳಿ ಖಾಲಿ, ಅಗ್ಗದ ಶಾವಿಗೆ ಖಾಲಿ.
ಜೂನ್ ಕೊನೆಗೆ ಬೀದಿಯೇ ಖಾಲಿ.
ಹಗ್ಗದ ಮೇಲೆ ಯಾರದೋ ಸಾಕ್ಸು
ಆಗಸ್ಟಿನವರೆಗೆ ಒಣಗುತ್ತಲೇ ಇರುತ್ತದೆ.

ಹೊಸಬರಿಗೆ ನಾನು ಕಲಿಸುವುದು ಒಂದೇ ವಿದ್ಯೆ.
ಇದು ಒಲೆ. ಗೋಡೆಯಷ್ಟು ಎತ್ತರ, ಅಜ್ಜನಷ್ಟು ಹಟ.
ಎರಡು ತೋಳು ಸೌದೆ, ತೊಗಟೆ ಕೆಳಗೆ.
ಇದು ಹೊಗೆಗಂಡಿಯ ತಗಡು. ಹೊತ್ತಿಸುವಾಗ ಎಳೆ,
ಆರಿದ ಮೇಲೆ ತಳ್ಳು.
ಆರಿದೆ ಅಂತ ಕಣ್ಣು ಹೇಳಿದರೆ ನಂಬಬೇಡ,
ಬೂದಿ ಮುಚ್ಚಿದ ಕೆಂಡ, ಕೆದಕಿ ನೋಡು.
ನೀಲಿ ನಾಲಗೆ ಒಂದೇ ಒಂದು ಆಡುತ್ತಿದ್ದರೂ
ತಗಡು ಮುಟ್ಟಬೇಡ.
ಬೇಗ ಮುಚ್ಚಿದರೆ ಬೆಳಿಗ್ಗೆ ಏಳುವುದಿಲ್ಲ.
ತಡವಾದರೆ ಬೆಳಿಗ್ಗೆ ಚಳಿ.
ಎರಡರಲ್ಲಿ ಚಳಿಯೇ ವಾಸಿ.

ಊರ್ಮಸ್ ಅರಣ್ಯಶಾಸ್ತ್ರದವನು,
ತೊಗಟೆ ಮೂಸಿ ಮರದ ಹೆಸರು ಹೇಳುತ್ತಿದ್ದ;
ಹೊತ್ತಿಸಲು ಮೂರು ದಿನದ ಪತ್ರಿಕೆ ಬೇಕಾಯಿತು.
ಹೋಗುವಾಗ ಒಂಟಿ ಸ್ಕೀ ಬಿಟ್ಟುಹೋದ.
ಇನ್ನೊಂದರ ಮೇಲೆ ಹೇಗೆ ಹೋದನೋ.
ಕುತಾಯಿಸಿಯ ಲೆವಾನ್ ಒಲೆಯ ಮುಂದೆ ಕೂತು ತಾಯಿಗೆ ಫೋನು:
ಹೌದಮ್ಮ, ಇಲ್ಲಿ ಎಲ್ಲ ಕಂಪ್ಯೂಟರಿನಲ್ಲೇ.
ಮೂಗಿನ ತುದಿಯಲ್ಲಿ ಮಸಿ.
ಅಂಗರಚನೆಯ ಪರೀಕ್ಷೆಯಲ್ಲಿ ಎರಡನೇ ಸಲ ಫೇಲಾದ ರಾತ್ರಿ
ಕೈಸಾ, ಇನ್ನೂರ ಆರು ಮೂಳೆಗಳನ್ನೂ
ಒಂದೊಂದು ಹಾಳೆಯಾಗಿ ಒಳಗೆ ಹಾಕಿದಳು.
ಕಾಗದ ಬೇಗ ಹೊತ್ತಿಕೊಳ್ಳುತ್ತದೆ, ಶಾಖ ನಿಲ್ಲುವುದಿಲ್ಲ,
ಅಂದು ಎರಡು ಬರ್ಚ್ ತುಂಡು ಇಟ್ಟು ಇಳಿದು ಬಂದೆ.

ಈ ಊರು ಎಷ್ಟು ದೊಡ್ಡದು ಅಂದರೆ
ನನ್ನ ದವಡೆಹಲ್ಲು ಕಿತ್ತ ಡಾಕ್ಟರು ಬಸ್ಸಿನಲ್ಲಿ ಸಿಕ್ಕರೆ
ನನ್ನ ಹೆಸರು ಮರೆತಿರುತ್ತಾನೆ;
ಎಷ್ಟು ಸಣ್ಣದು ಅಂದರೆ
ಕೆನ್ನೆ ನೋಡಿ ತಲೆಯಾಡಿಸುತ್ತಾನೆ.
ಸಂತೆಯಲ್ಲಿ ನಾನೂ ಪ್ರೊಫೆಸರೂ ಒಂದೇ ಪೀಪಾಯಿಯ ಉಪ್ಪುಸೌತೆಗೆ ಬಗ್ಗುತ್ತೇವೆ.
ಸತ್ತ ಭಾಷೆಯೊಂದಕ್ಕೆ ವ್ಯಾಕರಣ ಬರೆಯುತ್ತಿದ್ದಾರಂತೆ,
ಹದಿನೇಳು ವರ್ಷದಿಂದ.
ಸೌತೆಕಾಯಿ ಆರಿಸುವುದೂ ಹಾಗೆಯೇ.
ವಿಶ್ವವಿದ್ಯಾಲಯದ ಬಿಳಿ ಕಂಬಗಳ ಮುಂದೆ
ಸಾವಿರ ಸಲ ನಡೆದಿದ್ದೇನೆ.
ಒಳಗೆ ಹೋದದ್ದು ಒಮ್ಮೆ, ಆಲಿಕಲ್ಲು ಬಿದ್ದಾಗ.

ಹೋದ ಜನವರಿ, ರಾತ್ರಿ ಹನ್ನೊಂದೂವರೆ,
ಹೊರಗೆ ಸೊನ್ನೆಯ ಕೆಳಗೆ ಇಪ್ಪತ್ತೆರಡು.
ಫೋನು. ಗಂಡಸಿನ ದನಿ, ಹಿಂದೆ ಮಗುವಿನ ಅಳು.
ಮೈಮು ಅವರೇ, ಹಳೇ ಮನೆ ಕೊಂಡಿದ್ದೇವೆ, ಒಲೆ ಇದೆ.
ಕೆಂಡ ಕಪ್ಪಾಗಿದೆ. ಮುಚ್ಚಲೇ?
ಯಾವ ವರ್ಷದವನೋ, ಹೆಸರು ಕೇಳಲಿಲ್ಲ.
ಕೆದಕು, ಅಂದೆ.
ಕಬ್ಬಿಣದ ಸದ್ದು.
ನೀಲಿ ಇದೆ, ಅಂದ. ಒಂದು ಮೂಲೆಯಲ್ಲಿ.
ಹಾಗಾದರೆ ಕಾದಿರು.
ಇಬ್ಬರೂ ಫೋನು ಇಡಲಿಲ್ಲ.
ಮೇಲೆ ಈ ವರ್ಷದ ಹುಡುಗಿ
ಯಾವುದೋ ಪಾಠ ಗಟ್ಟಿಯಾಗಿ ಓದುತ್ತ
ಒಂದೇ ಪದದಲ್ಲಿ ಮತ್ತೆ ಮತ್ತೆ ಎಡವುತ್ತಿದ್ದಳು.
ಅಲ್ಲಿ ಮಗು ಸುಮ್ಮನಾಯಿತು.
ಇದೆಯಾ, ಅಂದೆ.
ಇನ್ನೂ ಇದೆ, ಅಂದ.