ಎಷ್ಟು ಬೇಕೋ ಅಷ್ಟು

ನಲವತ್ತಾರು ವರ್ಷದ ಬೆಡ್‌ಫರ್ಡ್ ಇದು,
ಒಲೆ ಹಾಸಿಗೆ ಸಮೇತ ಎರಡು ಟನ್ನು.
ಬಾಲಾ ಕೆರೆಯ ದಂಡೆಗೆ ತಂದು ನಿಲ್ಲಿಸಬೇಕೆಂದರೆ
ಮೊದಲು ಕೋಟು ಬಿಚ್ಚಬೇಕು,
ಆಮೇಲೆ ಹಲ್ಲು ಕಚ್ಚಬೇಕು,
ಮೊರದಗಲದ ಸ್ಟಿಯರಿಂಗಿಗೆ ಜೋತು ಬೀಳಬೇಕು.

"ನಿಂತ ಗಾಡಿಯ ಚಕ್ರ ತಿರುಗಿಸಬೇಡ, ಮೋರ್ವಿದ್.
ಒಂದು ಗೇಣು ಉರುಳಲಿ, ಆಮೇಲೆ ತಿರುಗಿಸು."
ಇದ್ವಲ್ ಹೇಳುತ್ತಿದ್ದ.
ಮೂವತ್ತೊಂದು ವರ್ಷದ ಸಂಸಾರದಲ್ಲಿ
ಅವನು ಕೊಟ್ಟ ಬುದ್ಧಿಮಾತು ಅದೊಂದೇ.
ಜಗಳಕ್ಕೂ ಅದನ್ನೇ ಬಳಸಿದೆವು.

ಈಗ ಬಲ ಹೆಗಲು
ತುಕ್ಕು ಹಿಡಿದ ಗದ್ದೆಯ ಗೇಟು.
ಕೈ ಎಷ್ಟು ಏಳುತ್ತದೆ, ಕೇಳಿದಳು ಡಾಕ್ಟರು.
ಉಪ್ಪಿನ ಕಪಾಟಿನವರೆಗೆ ಏಳುತ್ತದೆ,
ಸಕ್ಕರೆಯದು ಇನ್ನೂ ಮೇಲೆ, ಅಂದೆ.
ಬರೆದುಕೊಂಡಳು.

ಮಾರಿಬಿಡು, ಅಂದಳು ತಂಗಿ ನೆರಿಸ್.
ಚೆಸ್ಟರಿನಿಂದ ಗಡ್ಡದ ಹುಡುಗನೊಬ್ಬ ಬಂದ,
ಪಕ್ಕೆ ಕೊಯ್ದು ಕಾಫಿ ಅಂಗಡಿ ಮಾಡುತ್ತಾನಂತೆ.
ಎರಡರಷ್ಟು ಬೆಲೆ ಹೇಳಿದೆ.
ಅವನು ಒಪ್ಪಿಬಿಟ್ಟ!
ಆಗ ಮಾರುವುದಿಲ್ಲ ಅಂದೆ.

ಟೈವಿಯನ್,
ಕುರಿ ಲಸಿಕೆಯ ಡಬ್ಬದಲ್ಲೇ ಸ್ಪ್ಯಾನರ್ ಇಡುವವನು,
ಗುಜರಿಯಲ್ಲಿ ಒಂದು ಕೋರ್ಸಾ ಕಾರು ಹುಡುಕಿದ.
ಹಿಂಬದಿ ನಜ್ಜುಗುಜ್ಜು, ಮುಂಬದಿ ಮದುಮಗಳು.
ಸ್ಟಿಯರಿಂಗ್ ಕಂಬ, ಕಂಬಕ್ಕಂಟಿದ ಮೋಟಾರು,
ಎಲ್ಲ ಸೇರಿ ಎಪ್ಪತ್ತು ಪೌಂಡು.
ಸೀಟಿನಡಿ ಮಗುವಿನ ಒಂದು ಕಾಲ್ಚೀಲ.
"ಯಾರಿಗೂ ಏನೂ ಆಗಿಲ್ಲವಂತೆ,"
ನಾನು ಕೇಳುವ ಮೊದಲೇ ಅಂದ.
ನಿಜವೋ, ನನ್ನ ಮುಖ ನೋಡಿ ಹೇಳಿದ್ದೋ.

ಮೂರು ಶನಿವಾರ.
ಆ ಕಂಬದ ಹಲ್ಲು ಈ ಗಾಡಿಯ ಹಲ್ಲಿಗೆ ಕೂರಲಿಲ್ಲ.
"ಇಲ್ಲಿ ಬೆಸುಗೆ ನಾನು ಹಾಕೋದಿಲ್ಲ,
ಇದು ಜೀವ ನೇತುಹಾಕೋ ಜಾಗ,"
ಅಂತ ಬಲ್ಲವರ ಹತ್ತಿರ ಕಳಿಸಿದ.
ಡ್ಯಾಶ್‌ಬೋರ್ಡಿನ ಅಡಿ, ಟಾರ್ಚಿನ ಬೆಳಕಲ್ಲಿ,
ಬ್ರೆಡ್ ಚೀಲದ ಕ್ಲಿಪ್ಪು ಹಾಕಿ ಕಟ್ಟಿದ ತಂತಿ. ಇದ್ವಲ್‌ನ ಕೆಲಸ.
ಟೈವಿಯನ್ ಕಿತ್ತು ಹಾಕಲು ಹೋದ.
ಇರಲಿ ಬಿಡು, ಅಂದೆ,
ಹಿಡಿದುಕೊಂಡಿದೆಯಲ್ಲ.

ಹಳೇ ಗಾಡಿ ತನ್ನ ವೇಗವನ್ನು ಮೋಟಾರಿಗೆ ಹೇಳಲಾರದು.
ಅದಕ್ಕೇ ಬೆಂಕಿಪೊಟ್ಟಣದಷ್ಟು ಒಂದು ಪೆಟ್ಟಿಗೆ
ನಡುವೆ ಕೂತು ಸುಳ್ಳು ಹೇಳುತ್ತದೆ.
ಪೆಟ್ಟಿಗೆಗೊಂದು ತಿರುಪು:
ನಿಮಗೆಷ್ಟು ಸಹಾಯ ಬೇಕು?

ಪೂರ್ತಿ, ಅಂದೆ.
ಅಂಗಳದಲ್ಲಿ ಕಿರುಬೆರಳಲ್ಲಿ ತಿರುಗಿಸಿದೆ,
ಬೆಡ್‌ಫರ್ಡ್ ಕೋಳಿಗಳ ಸುತ್ತ ಬುಗುರಿಯಾಯಿತು,
ನಾನು ಹುಡುಗಿಯ ಹಾಗೆ ಕೂಗಿದೆ.

ಬೆಟ್ಟದ ದಾರಿಗೆ ಬಂದಾಗ
ರಸ್ತೆ ಮಾತು ನಿಲ್ಲಿಸಿತ್ತು.
ಮೂರನೇ ತಿರುವಿನ ಜಲ್ಲಿ,
ಸೇತುವೆ ಹತ್ತಿರದ ಹಳೇ ಗುಂಡಿ,
ನೆರಳಲ್ಲಿ ಕರಗದೆ ಉಳಿದ ಇಬ್ಬನಿ,
ಅಂಗೈಗೆ ಒಂದೂ ಮುಟ್ಟಲಿಲ್ಲ.
ಆ ಕೊನೇ ವಾರ
ಫೋನಿನಲ್ಲಿ ನರ್ಸು ಹೇಳುತ್ತಿದ್ದಂತೆ:
ಆರಾಮಾಗಿದ್ದಾರೆ. ಆರಾಮಾಗಿದ್ದಾರೆ.

ಗಾಡಿ ಬದಿಗೆ ಹಾಕಿದೆ.
ತಿರುಪನ್ನು ಅರ್ಧಕ್ಕಿಳಿಸಿದೆ. ಸ್ವಲ್ಪ ಓಡಿಸಿದೆ.
ಇನ್ನೂ ಕಾಲು ಭಾಗ ಇಳಿಸಿದೆ.
ಹೆಗಲು ಗೊಣಗಿತು.
ಗೊಣಗಲಿ.
ಜಲ್ಲಿ ಮರಳಿ ಬಂತು, ಕಾಳು ಕಾಳಾಗಿ,
ಎಡಗಡೆ ಚಕ್ರದ ಹಳೇ ಸಣ್ಣ ನಡುಕವೂ.

ಕೆರೆ ದಂಡೆಯಲ್ಲಿ ಮತ್ತೆ ಪೂರ್ತಿ ಏರಿಸಿದೆ.
ಸುಳ್ಳೇಕೆ, ಅಲ್ಲಿ ಬೇಕು.
ಎರಡು ಬಿಳಿ ವ್ಯಾನುಗಳ ಸಂದಿಯಲ್ಲಿ ನಿಲ್ಲಿಸುವಾಗ
ನಿಂತಲ್ಲೇ ತಿರುಗಿಸಬಹುದಿತ್ತು, ಬೆರಳೊಂದರಲ್ಲಿ.
ಆದರೂ ಒಂದು ಗೇಣು ಉರುಳಿಸಿಯೇ ತಿರುಗಿಸಿದೆ.

ಚಹಾಕ್ಕೆ ನೀರಿಟ್ಟೆ.
ಸಕ್ಕರೆ ಮೇಲಿನ ಕಪಾಟಿನಲ್ಲಿ.
ಅದಕ್ಕಿನ್ನೂ ಮೋಟಾರು ಬಂದಿಲ್ಲ,
ಪಕ್ಕದ ವ್ಯಾನಿನ ಉದ್ದ ಹುಡುಗನನ್ನು ಕರೆದೆ.