ಒಂದು ಎಚ್ ಹೆಚ್ಚು

ನಿಪ್ಪಾಣಿ ಸ್ಟ್ಯಾಂಡಿನ ಎದುರಿಗೆ ನನ್ನ ಅಂಗಡಿ.
ಝೆರಾಕ್ಸು, ಫೋಟೋ, ಪಹಣಿ, ಪಾನ್ ಕಾರ್ಡು,
ಯಾವ ಸರಕಾರದ ಅರ್ಜಿ ಇದ್ರೂ ತುಂಬತೀನಿ.
ಪರವೂರವ್ರು ಬಸ್ ಇಳಿದ್ರ ಮೊದಲ ಸೀನತಾರ,
ತಂಬಾಕದ ಘಾಟು.
ನಮಗದು ಗೊತ್ತಾಗೂದಿಲ್ಲ,
ಮಾನಿಟರಿನ ಮ್ಯಾಲ ಕೂತ ಧೂಳಿನ ಬಣ್ಣ ಕಂಡಾಗ ಅಷ್ಟ.

ಋತುಜಾ ಖೋತ ಬಂದದ್ದು ಜನವರಿ ಕಡೀಕ.
ಜೋಡಿ ಅವ್ವ ಶೇವಂತಾ,
ಕಾರಖಾನಿಗೆ ಬೀಡಿ ಕೊಟ್ಟು ಹಂಗ ಬಂದಾಕಿ,
ಸೆರಗಿನ ತುಂಬ ಎಲಿ ಪುಡಿ.
"ಎರಡೂ ಸಿಇಟಿ ತುಂಬ್ರಿ ಅಕ್ಕಾ,
ಇಲ್ಲೀದೊಂದು, ಅಲ್ಲೀದೊಂದು."
ಇಲ್ಲೀದು ಅಂದ್ರ ತವಂದಿ ಘಾಟ ದಾಟಿ ಬೆಳಗಾವಿ,
ಅಲ್ಲೀದು ಅಂದ್ರ ಕೊಗನೊಳ್ಳಿ ಟೋಲ್ ದಾಟಿ ಕೊಲ್ಹಾಪುರ.
ಹುಡುಗಿ ಬೊಟ್ಟು ಮಾಡಿದ್ದು ಮಾತ್ರ
ಒಂದ ರಸ್ತೆಕ್ಕ.

ಬಿಳಿ ಚಾದರದ ಮುಂದ ಕುಂದ್ರಿಸಿ ಫೋಟೋ ತಗದ್ನಿ.
ಹತ್ತನೇತ್ತಾ ಮಾರ್ಕ್ಸ್ ಕಾರ್ಡಿನ್ಯಾಗ ಹೆಸರಿನೊಳಗ ಎಚ್ ಐತಿ,
ಕನ್ನಡ ಸಾಲಿ ಮಾಸ್ತರ ಬರದದ್ದು, ತ ಅಂದ್ರ ಟಿ ಎಚ್.
ಆಧಾರದಾಗ ಎಚ್ ಇಲ್ಲ,
ಅದು ಕಾಗಲದಾಗ, ಅವ್ವನ ತವರಾಗ ಮಾಡಿಸಿದ್ದು.
ಹದಿನೇಳು ವರ್ಷ ಎರಡೂ ಹೆಸರಿಗೆ ಓ ಅಂದಾಳ ಈಕಿ.
ಸರ್ವರ್ ಒಪ್ಪವಲ್ದು.

ಅಲ್ಲೀ ಅರ್ಜಿಯೊಳಗ ಗಡಿಯವ್ರಿಗೆ ಒಂದು ಖಾನೆ:
ಮಾತೃಭಾಷೆ.
ಕರ್ಸರ್ ಕಣ್ಣು ಮಿಟಕಿಸಕೋತ ನಿಂತತು.
ಶೇವಂತಾನ್ನ ಕೇಳಿದ್ನಿ.
ಆಕಿ ಹಣಿ ಒರಸಿಕೊಂಡು,
"ಮಗಳಿಗೆ ಜ್ವರ ಬಂದ್ರ ಮರಾಠಿ," ಅಂದ್ಲು,
"ಸಿಟ್ಟು ಬಂದ್ರ ಕನ್ನಡ.
ಲೆಕ್ಕಾ ಎದರಾಗ ಮಾಡತೀನೋ ಏನೋ,
ಬೀಡಿ ಎಣಸುವಾಗ ಬಾಯಿ ಬಿಡೂದಿಲ್ಲ."
ಪಟ್ಟಿ ಇಳಿಸಿ ನೋಡಿದ್ನಿ.
ಅದರಾಗ ಜ್ವರ ಇರಲಿಲ್ಲ.

ಆಮ್ಯಾಲ ತಾರೀಕು ಬಂದ್ವು. ಎರಡೂ ಒಂದ ದಿನ.
ಕಾಗಲದ ಮಾವ ಫೋನ್ ಹಚ್ಚಿದ: ಮುಕ್ಕಾಲು ತಾಸಿನ ಹಾದಿ,
ನಮ್ಮ ಮನ್ಯಾಗ ಉಂಡು ಕಾಲೇಜಿಗೆ ಹೋಗಲಿ.
ಅಪ್ಪ ಅಣ್ಣಾಪ್ಪ ಅಂದ: ಇಲ್ಲೆ ಪಿಯು ಮಾರ್ಕೂ ಅರ್ಧ ಹಿಡೀತಾರ,
ಓದಿದ್ದು ನೀರಾಗ ಹೋಗೂದಿಲ್ಲ.
ಹುಡುಗಿ ಏನೂ ಅನ್ನಲಿಲ್ಲ.
ಸಂಜೀಕ ಅಂಗಡಿಗೆ ಬಂದು ರೂಢಿ ಮಾಡತಿದ್ಲು,
ಅಲ್ಲೀದು ಕಂಪ್ಯೂಟರಿನ ಪರೀಕ್ಷೆ.
ಮೌಸ್ ಹಿಡಿಯೂದು ಖರೇ ಇಲಿ ಹಿಡದಂಗ,
ಹಗರಕ, ಎಲ್ಲಿ ಕಡೀತದೋ ಅಂತ.
ಒಂದಿನ ತಾನ ಅಂದ್ಲು:
"ಇದರಾಗ ಉತ್ತರ ತಿದ್ದಾಕ ಬರತೈತಿ ಅಕ್ಕಾ,
ಅದಕ್ಕ ನಾ ಎಲ್ಲಾ ತಿದ್ದತೀನಿ.
ಸರಿ ಇದ್ದದ್ದೂ."

ನಾ ಏನು ಹೇಳಲಿ.
ಜನ್ಮದಾಗ ಬರದದ್ದು ಒಂದ ಪರೀಕ್ಷೆ, ಟೈಪಿಂಗಿಂದು,
ಅದೂ ಎರಡು ಸಲ.

ಹಿಂದಿನ ರಾತ್ರಿ ಶಟರ್ ಅರ್ಧ ಎಳದಿದ್ನಿ,
ಬಗ್ಗಿ ಒಳಗ ಬಂದ್ಲು.
ಎರಡೂ ಹಾಲ್ ಟಿಕೆಟ್, ಕಪ್ಪು ಬಿಳುಪು, ಹತ್ತು ರೂಪಾಯಿ.
"ಸ್ವಲ್ಪ ಹೊತ್ತು ಇಲ್ಲೇ ಕೂಡಲೇನ್ರಿ?"
ನಾ ಗಲ್ಲಾ ಎಣಸಕೋತ ಇದ್ನಿ.

ಮುಂಜಾನೆ ಐದೂವರಿಗೆ ಸ್ಟ್ಯಾಂಡಿನ್ಯಾಗ
ಎರಡೂ ಬಸ್ಸು, ಎರಡೂ ಕೆಂಪು.
ಇಂಜಿನ್ ಚಾಲೂ ಬಿಟ್ಟು ಡ್ರೈವರಗೋಳು
ಒಂದ ಗಾಡಿ ಮುಂದ ಚಹಾ ಕುಡೀತಿದ್ರು.
ಹೊಗಿಯೊಳಗ
ಆಕಿ ಎದರಾಗ ಹತ್ತಿದ್ಲೋ ಕಾಣಲಿಲ್ಲ.

ಒಂಬತ್ತಕ್ಕ ಕಸ ಹೊಡೆಯುವಾಗ
ಕೀಬೋರ್ಡಿನ ಕೆಳಗ ಮಡಚಿದ ಹಾಳಿ ಸಿಕ್ಕತು.
ಎಚ್ ಇಲ್ಲದ ಹೆಸರು,
ನಾ ತಗದ ಫೋಟೋ.
ಹಿಂದಿನ ಮಗ್ಗಲಕ್ಕ ಪೆನ್ನಿಲೆ ಸಣ್ಣ ಸಣ್ಣ ಗೋಲ,
ಸಾಲಿಗೆ ನಾಕು, ಸಾಲಿಗೊಂದು ಕಪ್ಪು,
ಅಂಚು ದಾಟಿಲ್ಲ ಒಂದೂ.
ಎಣಿಸಿದ್ನಿ, ಐವತ್ತೊಂಬತ್ತು.
ಕಡೀ ಸಾಲು ಖಾಲಿ.

ಮಧ್ಯಾಹ್ನ ಶೇವಂತಾ ಬಂದು ಬಾಗಲದಾಗ ನಿಂತ್ಲು.
ಪೇಪರ್ ಹೆಂಗಾತು ಅಂತ ಕೇಳಿದ್ಲು,
ನನಗ ಗೊತ್ತಿದ್ದಂಗ.

ಯಾವ ಭಾಷಾದಾಗ ಕೇಳಿದ್ಲು?
ಈಗ ನೆನಸಾಕ ನೋಡತೀನಿ,
ಬರವಲ್ದು.